ಊರ ನಡುವೆ ಊರವರದೇ ರೈಲು: ಒಸಾಕಾ ನಿಲ್ದಾಣಗಳ ನೂರೈವತ್ತು ವರ್ಷ

ಜಪಾನಿನ ಒಸಾಕಾ ನಗರಕ್ಕೆ ರೈಲು ಬಂದದ್ದು 1874ರ ಮೇ 11ರಂದು. ತೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ದೇಶದ ಮೊದಲ ರೈಲು ಓಡಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಒಸಾಕಾ ಮತ್ತು ಕೋಬೆ ಬಂದರಿನ ನಡುವಿನದು ಎರಡನೆಯ ದಾರಿ. ಇದೇ ದಾರಿ 1877ರಲ್ಲಿ ಕ್ಯೋತೊವರೆಗೆ ಬೆಳೆಯಿತು. ನಿಲ್ದಾಣ ಕಟ್ಟಿದ ಉಮೆದಾ ಆಗ ಊರಾಚೆಯ ಕೆಸರು ನೆಲ. ವರ್ತಕರ ಪೇಟೆ, ಕಾಲುವೆಗಳ ಜಾಲ, ಅಕ್ಕಿ ವ್ಯಾಪಾರದ ದೋಜಿಮಾ ಎಲ್ಲವೂ ಅದರ ದಕ್ಷಿಣಕ್ಕಿದ್ದವು. ಸರ್ಕಾರದ ರೈಲು ಊರಿನ ಹೊಸ್ತಿಲಿಗೆ ಬಂದು ನಿಂತಿತು, ಒಳಗೆ ಕಾಲಿಡಲಿಲ್ಲ. ಮುಂದಿನ ನೂರೈವತ್ತು ವರ್ಷಗಳಲ್ಲಿ ಒಸಾಕಾದ ನಿಲ್ದಾಣಗಳು ಎಲ್ಲೆಲ್ಲಿ ಎದ್ದವು, ಯಾರು ಕಟ್ಟಿದರು, ಯಾಕೆ ಹಾಗೆ ಎಂಬುದಕ್ಕೆಲ್ಲ ಮೂಲ ಇಲ್ಲಿಯೇ ಇದೆ.

ಕೆಸರು ನೆಲ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. 1934ರಲ್ಲಿ ಹಳಿಗಳನ್ನು ಮೇಲ್ಸೇತುವೆಗೆ ಏರಿಸಿ ನಿಲ್ದಾಣವನ್ನು ಹೊಸದಾಗಿ ಕಟ್ಟಿದ ಮೇಲೆ ಅಡಿಪಾಯ ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಕುಸಿಯತೊಡಗಿತು. ಒಂದೇ ಮಟ್ಟದಲ್ಲಿರಬೇಕಾದ ನೆಲ ಏರುಪೇರಾಗಿ, ಹಜಾರದ ನಡುವೆ ಕೆಲವು ಮೆಟ್ಟಿಲುಗಳನ್ನೇ ಕಟ್ಟಿ ಸರಿದೂಗಿಸಬೇಕಾಯಿತು. ರೈಲು ಓಡಾಟ ನಿಲ್ಲಿಸದೆ ಕಂಬಗಳ ಬುಡಕ್ಕೆ ಹೊಸ ಅಡಿಪಾಯ ಕೊಡುವ ಕೆಲಸ ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಹಳಿಗಳ ಮೇಲೆ ಹರಡಿದ ಗಾಜಿನ ದೊಡ್ಡ ಮಾಡನ್ನು ನೋಡಿ ಬೆರಗಾಗುವ ಪ್ರಯಾಣಿಕರಿಗೆ ಕಾಲಡಿಯ ಈ ದುಡಿಮೆ ಕಾಣುವುದಿಲ್ಲ.

ಸರ್ಕಾರಿ ರೈಲಿನ ಹಿಂದೆಯೇ ಖಾಸಗಿ ಕಂಪನಿಗಳು ಬಂದವು. ಇಂದಿನ ನಾಂಕಾಯ್ ಕಂಪನಿಯ ಮೂಲವಾದ ಹಾಂಕಾಯ್ ರೈಲು 1885ರ ಡಿಸೆಂಬರ್‌ನಲ್ಲಿ ದಕ್ಷಿಣದ ನಂಬಾದಿಂದ ಹೊರಟಿತು. ಇವತ್ತಿಗೂ ಉಳಿದಿರುವ ಜಪಾನಿನ ಖಾಸಗಿ ರೈಲುಗಳಲ್ಲಿ ಅದೇ ಹಿರಿಯದು. 1905ರಲ್ಲಿ ಹಾನ್‌ಶಿನ್ ಕೋಬೆಯ ಕಡೆಗೆ, 1910ರಲ್ಲಿ ಕೇಹಾನ್ ತೆಮ್ಮಾಬಾಶಿಯಿಂದ ಕ್ಯೋತೊ ಕಡೆಗೆ, 1914ರಲ್ಲಿ ಇಂದಿನ ಕಿಂತೆತ್ಸುವಿನ ಪೂರ್ವಜ ಕಂಪನಿ ಉಯೆಹೊಮ್ಮಾಚಿಯಿಂದ ಇಕೊಮಾ ಬೆಟ್ಟ ಕೊರೆದು ನಾರಾ ಕಡೆಗೆ ವಿದ್ಯುತ್ ರೈಲು ಓಡಿಸಿದವು. ಆಗಿನ ನಕ್ಷೆ ಹರಡಿ ನೋಡಿದರೆ ಇವುಗಳ ಕೊನೆಯ ನಿಲ್ದಾಣಗಳು ಊರನ್ನು ಸುತ್ತುವರಿದಿದ್ದವು. ಉತ್ತರಕ್ಕೆ ಉಮೆದಾ, ಪೂರ್ವಕ್ಕೆ ತೆಮ್ಮಾಬಾಶಿ ಮತ್ತು ಉಯೆಹೊಮ್ಮಾಚಿ, ದಕ್ಷಿಣಕ್ಕೆ ನಂಬಾ. ನಡುಪೇಟೆಯನ್ನು ಹಾದು ಹೋಗುವುದು ಒಂದೂ ಇರಲಿಲ್ಲ.

ಅದಕ್ಕೆ ಕಾರಣ ನಗರಸಭೆಯ ಪಟ್ಟು. 1903ರ ಸೆಪ್ಟೆಂಬರ್ 12ರಂದು ಒಸಾಕಾ ನಗರಸಭೆ ಬಂದರಿನ ಕಡೆಗೆ ತನ್ನದೇ ಟ್ರಾಮ್ ಓಡಿಸಿತು. ಜಪಾನಿನಲ್ಲಿ ಒಂದು ನಗರಸಭೆ ತಾನೇ ನಡೆಸಿದ ಮೊದಲ ಟ್ರಾಮ್ ಅದು. ಊರೊಳಗಿನ ಸಾರಿಗೆ ಊರಿನದೇ ಆಗಿರಬೇಕು, ಲಾಭ ಕಂಪನಿಯ ಪಾಲುದಾರರಿಗೆ ಹೋಗದೆ ಊರಿಗೇ ಬರಬೇಕು ಎಂಬ ನಿಲುವನ್ನು ನಗರಸಭೆ ಅಂದಿನಿಂದ ಹಿಡಿದುಕೊಂಡಿತು. ಟ್ರಾಮ್ ಗಳಿಸಿದ ದುಡ್ಡಿನಲ್ಲಿ ರಸ್ತೆ ಅಗಲಿಸಿದರು, ಸೇತುವೆ ಕಟ್ಟಿದರು. ಖಾಸಗಿ ಕಂಪನಿಗಳು ಒಳಗೆ ಬರುತ್ತೇವೆಂದು ಎಷ್ಟು ಕೇಳಿದರೂ ಬಾಗಿಲು ತೆರೆಯಲಿಲ್ಲ. ಹೊರಗಿನವರು ಒಳಬರಬಾರದೆಂಬ ಅಮೆರಿಕದ ಹಳೆಯ ನೀತಿಯ ಹೆಸರಿನಿಂದ ಇತಿಹಾಸಕಾರರು ಇದನ್ನು ಒಸಾಕಾ ನಗರಸಭೆಯ ಮನ್ರೊ ನೀತಿ ಎಂದು ಕರೆಯುತ್ತಾರೆ. ಆ ಕಾಲಕ್ಕೆ ಅದು ಸರಿಯಾದ ನಿಲುವೇ ಆಗಿತ್ತು ಎಂದು ನಾನು ನಂಬುತ್ತೇನೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಕಾಲ ಅದಕ್ಕೆ ಜೋತುಬಿದ್ದರು ಎಂಬುದೂ ಅಷ್ಟೇ ನಿಜ.

ಅಂಚಿನಲ್ಲಿ ಉಳಿದ ಕಂಪನಿಗಳು ಕೈಕಟ್ಟಿ ಕೂರಲಿಲ್ಲ. ಇಂದಿನ ಹಾಂಕ್ಯೂ ಕಂಪನಿಯನ್ನು ಕಟ್ಟಿದ ಕೊಬಾಯಾಶಿ ಇಚಿಜೊ ಅವರ ದಾರಿ 1910ರಲ್ಲಿ ಉಮೆದಾದಿಂದ ಹೊರಟಾಗ ಅದರ ಇಕ್ಕೆಲಗಳಲ್ಲಿ ಗದ್ದೆ, ಗುಡ್ಡಗಳೇ ಹೆಚ್ಚು. ಜನವಿಲ್ಲದ ಕಡೆಗೆ ರೈಲು ಓಡಿಸಿದರೆ ಹತ್ತುವವರು ಯಾರು? ಅವರು ಹಳಿಯ ಪಕ್ಕದ ಜಮೀನು ಕೊಂಡು, ಇಕೆದಾದಲ್ಲಿ ಮನೆ ಕಟ್ಟಿಸಿ, ಸಂಬಳದವರಿಗೆ ತಿಂಗಳ ಕಂತಿನ ಮೇಲೆ ಮಾರಿದರು. ದಾರಿಯ ಇನ್ನೊಂದು ತುದಿಯ ತಕರಜುಕಾದಲ್ಲಿ ಹುಡುಗಿಯರೇ ಹಾಡಿ ಕುಣಿಯುವ ರಂಗತಂಡ ಕಟ್ಟಿದರು. ಅದು 1914ರಲ್ಲಿ ಮೊದಲ ಪ್ರದರ್ಶನ ಕೊಟ್ಟಿತು. 1929ರಲ್ಲಿ ಉಮೆದಾ ನಿಲ್ದಾಣದ ಮೇಲೆಯೇ ಹಾಂಕ್ಯೂ ಡಿಪಾರ್ಟ್‌ಮೆಂಟ್ ಸ್ಟೋರ್ ಎದ್ದಿತು. ರೈಲು ಕಂಪನಿಯೊಂದು ತನ್ನ ನಿಲ್ದಾಣದಲ್ಲಿ ತಾನೇ ನಡೆಸಿದ ಇಂಥ ಅಂಗಡಿ ಅದಕ್ಕೆ ಮೊದಲು ಎಲ್ಲೂ ಇರಲಿಲ್ಲ. ಅದರ ಊಟದ ಮನೆಗೆ ಆರ್ಥಿಕ ಕುಸಿತದ ದಿನಗಳಲ್ಲಿ ಬರಿ ಅನ್ನ ತರಿಸಿಕೊಂಡು ಮೇಜಿನ ಮೇಲಿನ ಸಾಸ್ ಸುರಿದುಕೊಂಡು ಉಣ್ಣುವವರು ಬರತೊಡಗಿದರು. ಸಿಬ್ಬಂದಿ ಮೂಗು ಮುರಿದಾಗ ಕೊಬಾಯಾಶಿ ತಡೆದು, ಅಂಥ ಗಿರಾಕಿಗಳನ್ನು ಆದರದಿಂದ ಬರಮಾಡಿಕೊಳ್ಳಲು ಹೇಳಿದರು. ಇಂದು ಬಡವರಾಗಿರುವ ಈ ಯುವಕರೇ ನಾಳೆ ಸಂಸಾರ ಕಟ್ಟಿಕೊಂಡು ಇಲ್ಲಿಗೇ ಬರುತ್ತಾರೆ ಎಂಬುದು ಅವರ ಲೆಕ್ಕ. ದಕ್ಷಿಣದ ನಂಬಾದಲ್ಲಿ ನಾಂಕಾಯ್ ಕೂಡ 1932ರಲ್ಲಿ ಭವ್ಯ ಕಟ್ಟಡ ಎಬ್ಬಿಸಿ ತಕಶಿಮಾಯಾ ಮಳಿಗೆಗೆ ಕೊಟ್ಟಿತು. ನಿಲ್ದಾಣವೆಂದರೆ ಅಂಗಡಿ, ಊಟ, ಸಿನಿಮಾ, ಸಂಜೆಯ ತಿರುಗಾಟ ಎಲ್ಲವೂ ಎಂಬ ರೂಢಿ ಜಪಾನಿನಲ್ಲಿ ಬೇರೂರಿದ್ದು ಒಸಾಕಾದ ಈ ಅಂಚುಗಳಲ್ಲಿ.

ನಡುವಿನ ಊರಿಗೆ ಏನು ಮಾಡಬೇಕೆಂದು ತಲೆ ಕೆಡಿಸಿಕೊಂಡವರು ಸೆಕಿ ಹಾಜಿಮೆ. ತೋಕಿಯೊದ ವಾಣಿಜ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1914ರಲ್ಲಿ ಉಪಮೇಯರ್ ಆಗಿ ಒಸಾಕಾಕ್ಕೆ ಬಂದರು. 1923ರಲ್ಲಿ ಮೇಯರ್ ಆದರು. 1935ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು. ಗಿರಣಿಗಳ ಊರಾಗಿದ್ದ ಒಸಾಕಾದಲ್ಲಿ ಕಾರ್ಮಿಕರು ಇಕ್ಕಟ್ಟಾದ ಸಾಲುಮನೆಗಳಲ್ಲಿ ಹೊಗೆ ಕುಡಿದು ಬದುಕುತ್ತಿದ್ದರು. ಅವರು ಗಾಳಿ ಬೆಳಕಿರುವ ಹೊರವಲಯದಲ್ಲಿ ಮನೆ ಮಾಡಬೇಕಾದರೆ ಕಡಿಮೆ ದುಡ್ಡಿಗೆ ಬೇಗ ಕೆಲಸದ ಜಾಗ ಮುಟ್ಟಿಸುವ ರೈಲು ಬೇಕು. ಸೆಕಿಯವರಿಗೆ ಮನೆಯ ಪ್ರಶ್ನೆ ಮತ್ತು ರೈಲಿನ ಪ್ರಶ್ನೆ ಬೇರೆ ಬೇರೆಯಾಗಿರಲಿಲ್ಲ. 1925ರ ಏಪ್ರಿಲ್‌ನಲ್ಲಿ ಸುತ್ತಲಿನ ಊರುಗಳನ್ನು ಸೇರಿಸಿಕೊಂಡು ಒಸಾಕಾ 21 ಲಕ್ಷ ಜನರ ನಗರವಾಯಿತು. ಆಗಿನ ತೋಕಿಯೊ ನಗರಕ್ಕಿಂತಲೂ ಅದು ದೊಡ್ಡದು. ಮರುವರ್ಷವೇ ನಾಲ್ಕು ನೆಲದಡಿ ಮಾರ್ಗಗಳ ಯೋಜನೆ ಸಿದ್ಧವಾಯಿತು.

ಮೊದಲ ಮಾರ್ಗ ಉಮೆದಾದಿಂದ ದಕ್ಷಿಣಕ್ಕೆ, ಮಿದೋಸುಜಿ ಬೀದಿಯ ಅಡಿಯಲ್ಲಿ. ಅಲ್ಲಿದ್ದ ಬೀದಿಯ ಅಗಲ ಆರು ಮೀಟರ್ ಇದ್ದರೆ ಹೆಚ್ಚು. ಸೆಕಿ ಅದನ್ನು 44 ಮೀಟರ್ ಮಾಡಲು ಹೊರಟರು. ಪೇಟೆಯ ನಡುವೆ ಮೇಯರ್ ವಿಮಾನ ನಿಲ್ದಾಣ ಕಟ್ಟಿಸುತ್ತಿದ್ದಾರೆಯೇ ಎಂದು ವರ್ತಕರು ಹುಬ್ಬೇರಿಸಿದರು. ದುಡ್ಡಿಗೆ ಸೆಕಿ ಹಿಡಿದ ದಾರಿ ಆ ಕಾಲಕ್ಕೆ ಧೈರ್ಯದ್ದು. ರಸ್ತೆಯಿಂದ, ರೈಲಿನಿಂದ ಯಾರ ಜಮೀನಿನ ಬೆಲೆ ಏರುತ್ತದೋ ಆ ಮಾಲೀಕರಿಂದಲೇ ವೆಚ್ಚದ ಒಂದು ಪಾಲು ವಸೂಲು ಮಾಡಿದರು. ತಕರಾರು ಬೇಕಾದಷ್ಟು ಎದ್ದರೂ ಹಿಂಜರಿಯಲಿಲ್ಲ. 1930ರ ಜನವರಿಯಲ್ಲಿ ಸುರಂಗದ ಕೆಲಸ ಶುರುವಾದಾಗ ಜಗತ್ತಿನಲ್ಲೇ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿಯೂ ಈ ಸುರಂಗ ನಡೆಯಿತು. ದೋಜಿಮಾ ಮತ್ತು ತೊಸಾಬೊರಿ ಎಂಬ ಎರಡು ನದಿಗಳ ತಳದಲ್ಲಿ ಹಾಯಬೇಕಾದ ದಾರಿ. ಅಗೆದಲ್ಲೆಲ್ಲ ನೀರು ಜಿನುಗುವ ಮೆತ್ತನೆಯ ಮಣ್ಣು. ಮೇಲಿನಿಂದ ಕಂದಕ ತೋಡಿ, ಎರಡು ಬದಿಗೆ ಉಕ್ಕಿನ ಹಲಗೆ ಬಡಿದು, ಒಳಗೆ ಕಾಂಕ್ರೀಟಿನ ಗೂಡು ಕಟ್ಟಿ, ಮತ್ತೆ ಮಣ್ಣು ಮುಚ್ಚಿದರು. ಮೊದಲ ಬೋಗಿಗಳನ್ನು ಎತ್ತುಗಳಿಂದ ಎಳೆಸಿ ಬೀದಿಗುಂಟ ತಂದು ನೆಲದಡಿಗೆ ಇಳಿಸಿದರು.

1933ರ ಮೇ 20ರಂದು ಉಮೆದಾದಿಂದ ಯೊದೊಯಾಬಾಶಿ, ಹೊಮ್ಮಾಚಿ ಹಾದು ಶಿನ್ಸೈಬಾಶಿಯವರೆಗೆ 3.1 ಕಿಲೋಮೀಟರ್ ದಾರಿ ತೆರೆಯಿತು. ಜಪಾನಿನಲ್ಲಿ ಒಂದು ನಗರಸಭೆ ಕಟ್ಟಿದ ಮೊದಲ ಸುರಂಗ ರೈಲು. ತೋಕಿಯೊದಲ್ಲಿ 1927ರಲ್ಲಿ ಶುರುವಾದದ್ದು ಖಾಸಗಿ ಕಂಪನಿಯದು. ಟಿಕೆಟ್ ದರ 10 ಸೆನ್. ಓಡಿದ್ದು ಒಂದೇ ಒಂದು ಬೋಗಿ. ಆದರೆ ಅದು ಬಂದು ನಿಲ್ಲುವ ಪ್ಲಾಟ್‌ಫಾರ್ಮ್‌ಗಳನ್ನು ಉದ್ದನೆಯ ರೈಲಿಗೆ ತಕ್ಕಂತೆ ಕಟ್ಟಿದ್ದರು. ಒಂಟಿ ಬೋಗಿ ನಿಂತಾಗ ಎರಡೂ ಕಡೆ ಖಾಲಿ ನೆಲ ಬಿದ್ದಿರುತ್ತಿತ್ತು. ಇಂದು ಇದೇ ಮಾರ್ಗದಲ್ಲಿ 10 ಬೋಗಿಗಳ ರೈಲುಗಳು ಕೆಲವೇ ನಿಮಿಷಗಳಿಗೆ ಒಂದರಂತೆ ತುಂಬಿ ಓಡುತ್ತವೆ. ಮುಂದಿನ ಮೂರು ತಲೆಮಾರಿನ ಜನಸಂದಣಿಯನ್ನು ಲೆಕ್ಕಹಾಕಿ, ಆರ್ಥಿಕ ಕುಸಿತದ ನಡುವೆಯೂ ಆ ಅಳತೆಯಲ್ಲಿ ರಾಜಿ ಮಾಡಿಕೊಳ್ಳದ ಆಡಳಿತಗಾರರು ಎಲ್ಲೂ ವಿರಳ. ಸೆಕಿಯವರ ಹೆಸರನ್ನು ನಾವು ಕನ್ನಡದಲ್ಲೂ ನೆನೆಯಬೇಕಾದದ್ದು ಇದಕ್ಕಾಗಿ.

ನಿಲ್ದಾಣಗಳ ಒಳಗನ್ನೂ ಒಮ್ಮೆ ನೋಡಬೇಕು. ಯೊದೊಯಾಬಾಶಿ, ಶಿನ್ಸೈಬಾಶಿಗಳಲ್ಲಿ ಪ್ಲಾಟ್‌ಫಾರ್ಮಿನ ನಡುವೆ ಕಂಬಗಳಿಲ್ಲ. ಗೋಡೆಯಿಂದ ಗೋಡೆಗೆ ಕಮಾನಿನ ಎತ್ತರದ ಚಾವಣಿ, ಅದರಿಂದ ಇಳಿಬಿದ್ದ ದೊಡ್ಡ ದೀಪಗುಚ್ಛಗಳು. ವಿನ್ಯಾಸಕ್ಕೆ ಮಾರ್ಗದರ್ಶನ ಮಾಡಿದವರು ವಾಸ್ತುಶಿಲ್ಪಿ ತಕೆದಾ ಗೊಯಿಚಿ. ನೆಲದಡಿಗೆ ಇಳಿಯಲು ಹೆದರುತ್ತಿದ್ದ ಆ ಕಾಲದವರಿಗೆ ಉಸಿರು ಕಟ್ಟದಂಥ ಜಾಗ ಕೊಡಬೇಕೆಂಬ ಕಾಳಜಿ ಅದರಲ್ಲಿದೆ. ಹಳಿಗಳ ನಡುವಿನ ಅಗಲ 1,435 ಮಿಲಿಮೀಟರ್, ವಿದ್ಯುತ್ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ಸುಮಾರು ಎಂಬತ್ತು ವರ್ಷಗಳ ಅನಂತರ, 2011ರಲ್ಲಿ, ಬೆಂಗಳೂರಿನ ನಮ್ಮ ಮೆಟ್ರೊ ಓಡಿದ್ದೂ ಇದೇ ಅಗಲದ ಹಳಿಯ ಮೇಲೆ, ಇದೇ ಬಗೆಯ ಮೂರನೇ ಹಳಿಯ 750 ವೋಲ್ಟ್ ವಿದ್ಯುತ್ತಿನಿಂದ. ಅದರ ಮೊದಲ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲವೂ ಇತ್ತು.

ದಾರಿ 1935ರಲ್ಲಿ ನಂಬಾ, 1938ರಲ್ಲಿ ತೆನ್ನೋಜಿ ಮುಟ್ಟಿತು. ಆಮೇಲೆ ಯುದ್ಧ. 1945ರ ಮಾರ್ಚ್ 13ರ ನಡುರಾತ್ರಿ ಅಮೆರಿಕದ ಬಿ-29 ವಿಮಾನಗಳು ಒಸಾಕಾದ ನಡುಪೇಟೆಯ ಮೇಲೆ ಬೆಂಕಿಬಾಂಬು ಸುರಿದವು. ಬೆಳಗಾಗುವಷ್ಟರಲ್ಲಿ ಸುಮಾರು 4,000 ಜನ ಸತ್ತಿದ್ದರು. ಸುರಂಗ ನಿಲ್ದಾಣಗಳನ್ನು ಆಶ್ರಯವಾಗಿ ಬಳಸಬಾರದು ಎಂಬುದು ಆಗಿನ ಅಪ್ಪಣೆ. ಆದರೆ ಶಿನ್ಸೈಬಾಶಿಯಲ್ಲಿ ಯಾರೋ ಮುಚ್ಚಿದ ಬಾಗಿಲು ತೆರೆದರು. ಬೆಂಕಿಯಿಂದ ಓಡಿಬಂದವರು ಒಳಗಿಳಿದರು. ಓಡಾಟದ ವೇಳೆ ಮುಗಿದಿದ್ದರೂ ರೈಲು ಬಂತು, ಅವರನ್ನು ಹತ್ತಿಸಿಕೊಂಡು ಬೆಂಕಿ ತಾಕದ ಉಮೆದಾ ಕಡೆಗೆ ಒಯ್ದಿತು. ಕತ್ತಲ ಬೀದಿಯಿಂದ ಇಳಿದವರಿಗೆ ಉರಿಯುತ್ತಿದ್ದ ದೀಪಗಳು ಕಂಡದ್ದು, ಟಿಕೆಟ್ ಯಾರೂ ಕೇಳದಿದ್ದದ್ದು ಬದುಕುಳಿದವರ ನೆನಪಿನಲ್ಲಿ ಉಳಿದಿತ್ತು. ನಗರಸಭೆಯ ಸಾರಿಗೆ ಇಲಾಖೆಯ ಕಡತಗಳಲ್ಲಿ ಈ ರೈಲುಗಳ ಸುದ್ದಿಯಿಲ್ಲ. ದಶಕಗಳ ಅನಂತರ, ಆಗ ಮಕ್ಕಳಾಗಿದ್ದವರು ಮುಂದೆ ಬಂದು ಹೇಳಿದ ಮಾತುಗಳನ್ನು ಜೋಡಿಸಿಯೇ ಇದು ಲೋಕಕ್ಕೆ ತಿಳಿಯಿತು. ಬಾಗಿಲು ತೆರೆದವರ ಹೆಸರು, ಆ ರೈಲು ಓಡಿಸಿದವರ ಹೆಸರು ಯಾವ ಸ್ಮರಣ ಸಂಚಿಕೆಗೂ ಸಿಕ್ಕಿಲ್ಲ. ಆ ಇಲಾಖೆಯ ಇತಿಹಾಸದಲ್ಲಿ ಅವರಿಗಿಂತ ದೊಡ್ಡವರು ನನಗೆ ಕಾಣುವುದಿಲ್ಲ.

ಯುದ್ಧದ ಮೇಲೆ ಎಲ್ಲವೂ ವೇಗ ಪಡೆಯಿತು. ಬಂದರಿನ ಕಡೆಯ ಚೂಒ ಮಾರ್ಗ 1961ರಲ್ಲಿ ಮೊದಲು ತೆರೆದದ್ದು ನೆಲದ ಮೇಲೆ, ಕಂಬಗಳ ಮೇಲೆ. ಅದೇ ವರ್ಷ ಸರ್ಕಾರಿ ರೈಲಿನ ತುಂಡು ದಾರಿಗಳು ಒಂದಕ್ಕೊಂದು ಸೇರಿ ಒಸಾಕಾ ಲೂಪ್ ಮಾರ್ಗ ಎನಿಸಿದವು. ಅದಕ್ಕೆ ಈಗ 19 ನಿಲ್ದಾಣಗಳು, ಸುತ್ತಳತೆ 21.7 ಕಿಲೋಮೀಟರ್. 1964ರ ಅಕ್ಟೋಬರ್ 1ರಂದು ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲು ಬಂದಾಗ ಅದಕ್ಕೆ ಉಮೆದಾದಲ್ಲಿ ಜಾಗವಿರಲಿಲ್ಲ, ಯೊದೊ ನದಿಯ ಆಚೆ ಶಿನ್-ಒಸಾಕಾ ಎಂಬ ಹೊಸ ನಿಲ್ದಾಣವೇ ಹುಟ್ಟಿತು. ಮಿದೋಸುಜಿ ಮಾರ್ಗ ಅಲ್ಲಿಗೆ ಒಂದು ವಾರ ಮೊದಲೇ ತಲುಪಿ ಕಾದಿತ್ತು. 1969ರ ಮಾರ್ಚ್‌ನಲ್ಲಿ ಹಳೆಯ ಟ್ರಾಮ್‌ಗಳು ಬೀದಿಯಿಂದ ಮರೆಯಾದವು. ಅದೇ ಡಿಸೆಂಬರ್‌ನಲ್ಲಿ ಸಕೈಸುಜಿ ಮಾರ್ಗ ತೆರೆದಾಗ ಮೊದಲ ಸಲ ಖಾಸಗಿ ಹಾಂಕ್ಯೂ ರೈಲುಗಳು ನಗರಸಭೆಯ ಸುರಂಗಕ್ಕೆ ನೇರ ಬಂದವು. ಹಾಂಕ್ಯೂವಿನಲ್ಲಿ ತಲೆಯ ಮೇಲಿನ ತಂತಿಯಿಂದ 1,500 ವೋಲ್ಟ್ ವಿದ್ಯುತ್. ಅದಕ್ಕೆ ಹೊಂದಿಸಲು ನಗರಸಭೆ ಈ ಒಂದು ಮಾರ್ಗಕ್ಕೆ ಮೂರನೇ ಹಳಿಯನ್ನೇ ಬಿಟ್ಟುಕೊಟ್ಟಿತು. ಬಹುಕಾಲ ಮುಚ್ಚಿದ್ದ ಬಾಗಿಲಿನಲ್ಲಿ ಬಿದ್ದ ದೊಡ್ಡ ಬಿರುಕು ಅದು. ಅವಸರಕ್ಕೆ ಕಾರಣ 1970ರ ವಿಶ್ವ ಮೇಳ. ಸೆನ್ರಿ ಗುಡ್ಡಗಳಲ್ಲಿ ನಡೆದ ಅದನ್ನು ಆರು ತಿಂಗಳಲ್ಲಿ 6.4 ಕೋಟಿಗೂ ಹೆಚ್ಚು ಜನ ನೋಡಿದರು.

ಅದೇ ಅವಸರದ ವರ್ಷ ಒಂದು ದುರಂತವೂ ಆಯಿತು. ಇದನ್ನು ಸಂಭ್ರಮದ ಕಥೆಯಿಂದ ಬಿಟ್ಟುಬಿಡುವುದು ತಪ್ಪು. 1970ರ ಏಪ್ರಿಲ್ 8ರ ಸಂಜೆ ತೆಂಜಿನ್‌ಬಾಶಿಸುಜಿ 6ನೇ ಬಡಾವಣೆಯಲ್ಲಿ ತನಿಮಾಚಿ ಎಂಬ ಇನ್ನೊಂದು ಸುರಂಗ ಮಾರ್ಗದ ಅಗೆತ ನಡೆದಿತ್ತು. ಕಂದಕದ ಮೇಲೆ ಕಾಂಕ್ರೀಟಿನ ಹಲಗೆ ಹಾಸಿ ವಾಹನ ಬಿಡುತ್ತಿದ್ದರು. ಕೆಳಗೆ ತೂಗುಬಿದ್ದಿದ್ದ ಗ್ಯಾಸ್ ಕೊಳವೆಯ ಜೋಡಣೆ ಕಳಚಿ ಗ್ಯಾಸ್ ತುಂಬಿಕೊಂಡಿತು. ಸೋರಿಕೆ ನೋಡಲು ಬಂದ ಗ್ಯಾಸ್ ಕಂಪನಿಯ ಗಾಡಿಗೇ ಬೆಂಕಿ ಹತ್ತಿತು. ಕೆಲಸ ಮುಗಿಸಿ ಮನೆಗೆ ಹೊರಟವರು ನೋಡಲೆಂದು ಹಲಗೆಗಳ ಮೇಲೆ ಗುಂಪುಗೂಡಿದರು. ಮರುಕ್ಷಣ ಕೆಳಗಿನ ಗ್ಯಾಸ್ ಸ್ಫೋಟಿಸಿ ಹಲಗೆಗಳು ಜನರ ಸಮೇತ ಮೇಲೆ ಹಾರಿದವು. 79 ಜನ ಸತ್ತರು, 420 ಮಂದಿ ಗಾಯಗೊಂಡರು. ಅಗೆತದಲ್ಲಿ ಹೊರಬೀಳುವ ಗ್ಯಾಸ್ ಕೊಳವೆಗಳನ್ನು ಹೇಗೆ ಕಾಪಾಡಬೇಕೆಂಬ ನಿಯಮಗಳು ದೇಶದಾದ್ಯಂತ ಬಿಗಿಯಾದದ್ದು ಆ ಮೇಲೆ. ಆ ಭಾಗದ ರೈಲು 1974ರಲ್ಲಿ ಓಡಿತು. ಹತ್ತಿರದ ಕೊಕುಬುಂಜಿ ಉದ್ಯಾನದಲ್ಲಿ ಸತ್ತವರ ಸ್ಮಾರಕವಿದೆ.

ನಿಲ್ದಾಣ ಯಾರಿಗಾಗಿ ಎಂಬ ಪ್ರಶ್ನೆಯನ್ನೂ ಈ ಊರು ಮತ್ತೆ ಮತ್ತೆ ಕೇಳಿಕೊಂಡಿದೆ. ಮಿಯಾಕೆ ಸೆಯಿಚಿ ಎಂಬವರು ಅಂಧರಿಗಾಗಿ ರೂಪಿಸಿ 1967ರಲ್ಲಿ ಒಕಾಯಾಮಾದ ಬೀದಿಯೊಂದಕ್ಕೆ ಮೊದಲು ಹಾಸಿದ್ದ ಉಬ್ಬುಗಳುಳ್ಳ ಹಾಸುಬಿಲ್ಲೆಗಳು ರೈಲಿನ ಪ್ಲಾಟ್‌ಫಾರ್ಮಿಗೆ ಮೊದಲ ಸಲ ಬಂದದ್ದು 1970ರಲ್ಲಿ, ಒಸಾಕಾದ ದಕ್ಷಿಣಕ್ಕಿರುವ ಅಬಿಕೊಚೊ ನಿಲ್ದಾಣದಲ್ಲಿ. ಹತ್ತಿರದಲ್ಲೇ ಅಂಧರ ಶಾಲೆಯಿತ್ತು. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ನಮ್ಮ ಕಾಲಿಗೆ ಸಿಗುವ ಹಳದಿ ಪಟ್ಟಿ ಅದೇ ವಂಶದ್ದು. ಸಾಲು ಗುಳ್ಳೆಗಳು ಬಂದರೆ ನಿಲ್ಲಬೇಕು, ಉದ್ದ ಗೆರೆಗಳು ಬಂದರೆ ನಡೆಯಬಹುದು. ಅದರ ಮೇಲೆ ಲಗೇಜು ಇಟ್ಟು ನಿಲ್ಲುವವರು ಈ ಸಂಗತಿಯನ್ನು ತಿಳಿದಿರಬೇಕು. ಗಾಲಿಕುರ್ಚಿ ಬಳಸುವವರು ತಾವೂ ಹತ್ತಬಹುದಾದ ಮೆಟ್ರೊ ಬೇಕೆಂದು 1970ರ ದಶಕದಲ್ಲಿ ಹೋರಾಡಿದರು. ಅದರ ಫಲವಾಗಿ 1980ರಲ್ಲಿ ತನಿಮಾಚಿ ಮಾರ್ಗದ ಕಿರೆ-ಉರಿವಾರಿ ನಿಲ್ದಾಣಕ್ಕೆ ಲಿಫ್ಟ್ ಬಂತು. ಜಪಾನಿನ ಸುರಂಗ ನಿಲ್ದಾಣಗಳಲ್ಲಿ ಅಂಥದು ಮೊದಲನೆಯದು. 1988ರಲ್ಲಿ ಮಿದೋಸುಜಿ ರೈಲಿನಲ್ಲಿ ಕಿರುಕುಳ ಕೊಡುತ್ತಿದ್ದವರನ್ನು ಪ್ರಶ್ನಿಸಿದ ಯುವತಿಯ ಮೇಲೆ ಅವರೇ ಅತ್ಯಾಚಾರ ಎಸಗಿದರು. ಊರಿನ ಹೆಂಗಸರು ಸಂಘಟಿತರಾಗಿ ರೈಲು ಸಂಸ್ಥೆಗಳ ಬಾಗಿಲು ಬಡಿದರು. ಮಹಿಳೆಯರಿಗೇ ಮೀಸಲಾದ ಬೋಗಿ ಈ ಮಾರ್ಗಕ್ಕೆ ಬಂದದ್ದು 2002ರಲ್ಲಿ. ಹದಿನಾಲ್ಕು ವರ್ಷ ಕಾಯಿಸಬಾರದಿತ್ತು.

ಟಿಕೆಟ್ ಗೇಟಿನ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ಒಸಾಕಾದ ಉತ್ತರಕ್ಕಿರುವ ಹಾಂಕ್ಯೂ ಕಂಪನಿಯ ಕಿತಾಸೆನ್ರಿ ನಿಲ್ದಾಣದಲ್ಲಿ 1967ರಲ್ಲಿ ಸ್ವಯಂಚಾಲಿತ ಗೇಟುಗಳು ಸಾಲಾಗಿ ನಿಂತವು. ಮುಂದೆ ಒಮ್ರಾನ್ ಎನಿಸಿದ ಕಂಪನಿ ಮಾಡಿಕೊಟ್ಟ ಅವು ಜಗತ್ತಿನ ಮೆಟ್ರೊಗಳೆಲ್ಲ ಹಿಡಿದ ಹಾದಿಗೆ ಮೊದಲ ಹೆಜ್ಜೆಗಳಲ್ಲಿ ಒಂದು.

ಇಂದು ಉಮೆದಾದ ಸುತ್ತ ಏಳು ನಿಲ್ದಾಣಗಳಿವೆ. ಹಿಂದಿನ ಸರ್ಕಾರಿ ರೈಲಿನ ಉತ್ತರಾಧಿಕಾರಿಯಾದ ಜೆಆರ್‌ನ ಒಸಾಕಾ ಮತ್ತು ಕಿತಾಶಿಂಚಿ, ಹಾಂಕ್ಯೂ ಮತ್ತು ಹಾನ್‌ಶಿನ್‌ಗಳ ಒಂದೊಂದು ಒಸಾಕಾ-ಉಮೆದಾ, ಮೆಟ್ರೊದ ಉಮೆದಾ, ಹಿಗಾಶಿ-ಉಮೆದಾ, ನಿಶಿ-ಉಮೆದಾ. ಮೆಟ್ರೊದ ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೋಗಲು ಗೇಟು ದಾಟಿ ಹೊರಬಂದು, ಅಂಗಡಿಗಳ ನಡುವಿನ ಓಣಿಯಲ್ಲಿ ನಡೆದು, 30 ನಿಮಿಷದೊಳಗೆ ಮತ್ತೆ ಗೇಟು ಹೊಕ್ಕರೆ ಒಂದೇ ಟಿಕೆಟ್ ಸಾಕು. ಹೊಸಬರು ದಾರಿ ತಪ್ಪದೇ ಇರುವುದು ಕಡಿಮೆ. ಅವರವರ ನಿಲ್ದಾಣ ಅವರವರು ಕಟ್ಟಿಕೊಂಡ ಊರಿನಲ್ಲಿ ಪ್ರಯಾಣಿಕರು ಇಂದಿಗೂ ತೆರುತ್ತಿರುವ ಬೆಲೆ ಇದು.

2018ರ ಏಪ್ರಿಲ್ 1ರಂದು ನಗರಸಭೆಯ ಸಾರಿಗೆ ಇಲಾಖೆ ಒಸಾಕಾ ಮೆಟ್ರೊ ಕಂಪನಿಯಾಯಿತು. ಶೇರುಗಳೆಲ್ಲ ನಗರದ ಕೈಯಲ್ಲೇ ಇವೆ. ಅದೇ ಡಿಸೆಂಬರ್‌ನಲ್ಲಿ ಕಂಪನಿ ಮಿದೋಸುಜಿ ಮಾರ್ಗದ ನಿಲ್ದಾಣಗಳಿಗೆ ಹೊಸ ರೂಪ ಕೊಡುವ ಚಿತ್ರಗಳನ್ನು ಹೊರಗಿಟ್ಟಾಗ ಜನ ಸಿಟ್ಟಾದರು. ಕಮಾನು ಚಾವಣಿ, ದೀಪಗಳ ಅಂದ ಕೆಡಿಸಬೇಡಿ ಎಂದು ಸಹಿ ಸಂಗ್ರಹಿಸಿದರು, ಕಂಪನಿ ನಕ್ಷೆ ತಿದ್ದಿತು. ನಿಲ್ದಾಣ ತಮ್ಮದು ಎಂದು ಬಗೆದವರಷ್ಟೇ ಹಾಗೆ ಸಿಟ್ಟಾಗಬಲ್ಲರು.

2023ರ ಮಾರ್ಚ್‌ನಲ್ಲಿ ಒಸಾಕಾ ನಿಲ್ದಾಣದ ಪಕ್ಕ, ಹಳೆಯ ಸರಕು ಯಾರ್ಡು ಇದ್ದ ಜಾಗದ ಅಡಿಯಲ್ಲಿ ಹೊಸ ಪ್ಲಾಟ್‌ಫಾರ್ಮ್‌ಗಳು ತೆರೆದವು. 2025ರ ಜನವರಿಯಲ್ಲಿ, ಇನ್ನೊಂದು ವಿಶ್ವ ಮೇಳಕ್ಕಾಗಿ, ಚೂಒ ಮಾರ್ಗ ಸಮುದ್ರ ತುಂಬಿ ಮಾಡಿದ ಯುಮೆಶಿಮಾ ದ್ವೀಪ ಮುಟ್ಟಿತು. ಈಗ ಊರಿನ ನಡುವೆ ನಾನಿವಾಸುಜಿ ಮಾರ್ಗದ ಸುರಂಗ ಅಗೆಯುತ್ತಿದ್ದಾರೆ. ಪ್ರಾಂತ ಮತ್ತು ನಗರಗಳ ಬಂಡವಾಳವೂ ಇರುವ ಕಂಪನಿಯೊಂದು ಅದನ್ನು ಕಟ್ಟುತ್ತಿದೆ. ಜೆಆರ್ ಮತ್ತು ನಾಂಕಾಯ್ ಎರಡೂ ಅದರಲ್ಲಿ ರೈಲು ಓಡಿಸಲಿವೆ. ಯೋಜನೆಯಂತೆ 2031ರಲ್ಲಿ ಅದು ತೆರೆದರೆ, 1885ರಿಂದ ನಂಬಾದಲ್ಲೇ ನಿಲ್ಲುತ್ತ ಬಂದ ನಾಂಕಾಯ್ ರೈಲು ನಡುಪೇಟೆಯನ್ನು ಹಾದು ಒಸಾಕಾ ನಿಲ್ದಾಣಕ್ಕೆ ನೇರವಾಗಿ ಬರಲಿದೆ.